ಐರ್ಲೆಂಡ್ ಅಂದ್ರೆ ಯು2 ಅಷ್ಟೇನಾ? ಅಲ್ಲಿನ ಮರೆತುಹೋದ ಬ್ಯಾಂಡ್‌ಗಳ ಬಗ್ಗೆ ಗೊತ್ತಿದ್ದವರು ಹೇಳ್ರಿ

ಸಾಧನಕೇರಿ_ಕೇಳುಗ, ಧಾರವಾಡ

ಎಲ್ಲರಿಗೂ ನಮಸ್ಕಾರ. ಇಂಗ್ಲಿಷ್ ಹಾಡು ಕೇಳುವ ನಮ್ಮ ಕಡೆಯವರು ಇಲ್ಲಿ ಬಹಳ ಮಂದಿ ಇದ್ದೀರಿ, ಅದಕ್ಕೇ ಕೇಳ್ತಿದ್ದೇನೆ. ಐರ್ಲೆಂಡ್ ಅಂದ ಕೂಡಲೇ ಯು2 ಅಂತಾರೆ, ಕ್ರ್ಯಾನ್‌ಬೆರೀಸ್ ಅಂತಾರೆ, ಸ್ವಲ್ಪ ಹಿರಿಯರಾದರೆ ಎನ್ಯಾ, 2000ದ ಸುಮಾರಿಗೆ ಕಾಲೇಜು ಓದಿದವರಾದರೆ ವೆಸ್ಟ್‌ಲೈಫ್. ಅಲ್ಲಿಗೆ ಪಟ್ಟಿ ಮುಗಿಯಿತು. ಇಡೀ ದೇಶದಲ್ಲಿ ಇವರಷ್ಟೇ ಹಾಡಿದರಾ?

ನನಗೆ ಹುಚ್ಚು ಹಿಡಿಸಿದ್ದು ಥಿನ್ ಲಿಝಿ ಅನ್ನೋ ರಾಕ್ ಬ್ಯಾಂಡ್. ಅದರ ಹಾಡುಗಾರ ಫಿಲ್ ಲೈನಟ್‌ನ ತಂದೆ ಗಯಾನಾದವರು, ಹುಡುಗ ಬೆಳೆದದ್ದು ಡಬ್ಲಿನ್‌ನ ಕ್ರಮ್ಲಿನ್‌ನಲ್ಲಿ ಅಜ್ಜಿ ಮನೆಯಲ್ಲಿ. ಆ ಕಾಲದ ಡಬ್ಲಿನ್‌ನಲ್ಲಿ ಕಪ್ಪು ಬಣ್ಣದ ಹುಡುಗರು ಕಾಣುವುದೇ ಅಪರೂಪ, ಅಂಥವನು ಐರಿಶ್ ಕಥೆಗಳನ್ನು ತನ್ನವೇ ಅಂತ ಎದೆ ತಟ್ಟಿ ಹಾಡಿದ. 'ವಿಸ್ಕಿ ಇನ್ ದ ಜಾರ್' ಅಲ್ಲಿನ ಹಳೆಯ ಜನಪದ ಹಾಡು, ಒಬ್ಬ ದಾರಿಗಳ್ಳ ತನ್ನ ಕಥೆ ಹೇಳಿಕೊಳ್ಳುವುದು, ಎಲ್ಲರಿಗೂ ಬಾಯಿಪಾಠ. 1972ರ ಕೊನೆಗೆ ಈ ಮೂರು ಹುಡುಗರು ಅದನ್ನು ರಾಕ್ ಹಾಡು ಮಾಡಿದರು. ಮಾತು ಶುರುವಾಗುವ ಮೊದಲು ಎರಿಕ್ ಬೆಲ್ ಬಾರಿಸುವ ಗಿಟಾರ್ ಸಾಲು ಇದೆಯಲ್ಲ, ಅದು ಹಳೆಯ ಹಾಡಿನಲ್ಲಿ ಇರಲೇ ಇಲ್ಲ. ಈಗ ಆ ಸಾಲು ಬಿಟ್ಟು ಆ ಹಾಡನ್ನು ನೆನೆಸಿಕೊಳ್ಳೋಕೇ ಆಗುವುದಿಲ್ಲ, ಅಷ್ಟು ಅಂಟಿಕೊಂಡಿದೆ.

ಥಿನ್ ಲಿಝಿಯನ್ನು ಮರೆತುಹೋದವರು ಅನ್ನೋಕಾಗಲ್ಲ ಬಿಡಿ, 2005ರಿಂದ ಡಬ್ಲಿನ್‌ನ ಹ್ಯಾರಿ ಸ್ಟ್ರೀಟ್‌ನಲ್ಲಿ ಲೈನಟ್‌ನ ಪ್ರತಿಮೆಯೇ ನಿಂತಿದೆ. ಆದರೆ ಅವರ ಹಿಂದೆ ಮುಂದೆ, ಅಕ್ಕಪಕ್ಕ ಇನ್ನೂ ಎಷ್ಟೋ ಮಂದಿ ಇದ್ದಿರಲೇಬೇಕು. ಅವರು ಯಾರು? ಇಷ್ಟು ಚಲೋ ಬಾರಿಸುವ ದೇಶದಲ್ಲಿ ಮೂರು ನಾಲ್ಕು ಹೆಸರು ಬಿಟ್ಟು ಉಳಿದವರು ನಮ್ಮ ತನಕ ಬರಲಿಲ್ಲ ಯಾಕೆ? ಸಪ್ತಾಪುರದಲ್ಲಿ ನಾವು ಕೆಲವು ಗೆಳೆಯರು ಭಾನುವಾರ ಸಂಜೆ ಕೂತು ಹಾಡು ಕೇಳುವ ರೂಢಿ ಇದೆ. ಮುಂದಿನ ಸಲ ಇದನ್ನೇ ಕೇಳೋಣ ಅಂದುಕೊಂಡಿದ್ದೇವೆ. ನಿಮಗೆ ನಿಜವಾಗಿ ಮನಸ್ಸಿಗೆ ಹತ್ತಿದ್ದನ್ನು ಹೇಳಿ, ಸುಮ್ನೆ ಅಂತರ್ಜಾಲದ ಪಟ್ಟಿ ತಂದು ಹಾಕಬೇಡಿ ಪ್ಲೀಸ್.

ಗದಗ_ಕೀಬೋರ್ಡ್, ಗದಗ

ಸರ್, ನಾನು ಗದಗದಲ್ಲಿ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ಬಾರಿಸುವವನು. ಗಣೇಶ ಹಬ್ಬ, ಜಾತ್ರೆ, ಆರತಕ್ಷತೆ, ಯಾವುದಕ್ಕೆ ಕರೆದರೂ ಹೋಗುತ್ತೇವೆ. ಹಾಗಾಗಿ ನಾನು ಹೇಳುವುದು ಬ್ಯಾಂಡ್‌ಗಳ ಬಗ್ಗೆ ಅಲ್ಲ, ಶೋಬ್ಯಾಂಡ್‌ಗಳ ಬಗ್ಗೆ. ಐರ್ಲೆಂಡ್‌ನ ಪಾಪ್ ಸಂಗೀತದಲ್ಲಿ ಅವರಷ್ಟು ಅನ್ಯಾಯಕ್ಕೆ ಒಳಗಾದವರು ಬೇರೆ ಇಲ್ಲ ಅಂತ ನನ್ನ ಅಭಿಪ್ರಾಯ.

1950ರ ದಶಕದ ಕೊನೆಯಿಂದ 70ರ ದಶಕದ ತನಕ ಅಲ್ಲಿನ ಹಳ್ಳಿಹಳ್ಳಿಯಲ್ಲಿ ಡ್ಯಾನ್ಸ್ ಹಾಲ್ ಇದ್ದವು. ಏಳೆಂಟು ಜನರ ತಂಡ, ಎಲ್ಲರಿಗೂ ಒಂದೇ ಥರದ ಸೂಟು, ಗಿಟಾರ್ ಡ್ರಮ್ ಜೊತೆಗೆ ಟ್ರಂಪೆಟ್, ಸ್ಯಾಕ್ಸೋಫೋನ್, ಟ್ರಾಂಬೋನ್. ಅದಕ್ಕಿಂತ ಮುಂಚಿನ ಡ್ಯಾನ್ಸ್ ತಂಡದವರು ಕುರ್ಚಿ ಮೇಲೆ ಕೂತು ಕಾಗದ ನೋಡಿಕೊಂಡು ಬಾರಿಸುತ್ತಿದ್ದರು. ಶೋಬ್ಯಾಂಡಿನವರು ಎದ್ದು ನಿಂತರು, ಕುಣಿದರು. ರೇಡಿಯೊದಲ್ಲಿ ಈ ವಾರ ಬಂದ ಹಾಡನ್ನು ಮುಂದಿನ ವಾರ ವೇದಿಕೆ ಮೇಲೆ ತರುತ್ತಿದ್ದರು. ಹಾಲ್‌ನಲ್ಲಿ ಹೆಂಡ ಸಿಗುತ್ತಿರಲಿಲ್ಲ, ಚಹಾ ಮತ್ತು ಸೋಡಾ ಅಷ್ಟೇ. ಈಸ್ಟರ್‌ಗೆ ಮುಂಚೆ ಲೆಂಟ್ ಉಪವಾಸದ ದಿನಗಳಲ್ಲಿ ಕುಣಿತ ನಿಲ್ಲುತ್ತಿತ್ತು, ಆಗ ತಂಡಗಳು ಇಂಗ್ಲೆಂಡ್, ಅಮೆರಿಕಕ್ಕೆ ಹೋಗಿ ಅಲ್ಲಿನ ಐರಿಶ್ ವಲಸಿಗರ ಮುಂದೆ ಬಾರಿಸಿ ಹೊಟ್ಟೆ ಹೊರೆದುಕೊಳ್ಳುತ್ತಿದ್ದವು. ಆಷಾಢದಲ್ಲಿ ಮದುವೆ ಇಲ್ಲದೆ ನಮ್ಮ ಕೀಬೋರ್ಡ್ ಮೂಲೆಗೆ ಸೇರುತ್ತದಲ್ಲ, ನಮಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಈ ಹಾಲ್‌ಗಳನ್ನು ನಡೆಸಿಯೇ ದುಡ್ಡು ಮಾಡಿದ ಆಲ್ಬರ್ಟ್ ರೆನಾಲ್ಡ್ಸ್ ಮುಂದೆ ಆ ದೇಶದ ಪ್ರಧಾನಿಯೇ ಆದರು.

ವಾಟರ್‌ಫೋರ್ಡ್‌ನ ರಾಯಲ್ ಶೋಬ್ಯಾಂಡ್ ಎಷ್ಟು ದೊಡ್ಡದಿತ್ತು ಅಂದ್ರೆ, 1962ರಲ್ಲಿ ಲಿವರ್‌ಪೂಲ್‌ನಲ್ಲಿ ಇವರ ಕಾರ್ಯಕ್ರಮಕ್ಕೆ ಮೊದಲು ಬಾರಿಸಿದ್ದು ಬೀಟಲ್ಸ್. ಆಮೇಲೆ ಏನಾಯಿತು? ಬೇರೆಯವರ ಹಾಡು ಹಾಡುವವರು ಅಂತ ರಾಕ್ ಪತ್ರಕರ್ತರು ಇವರನ್ನು ಪಕ್ಕಕ್ಕೆ ಸರಿಸಿದರು. ಆದರೆ ಸ್ವಂತ ಹಾಡು ಕಟ್ಟಿದ ದೊಡ್ಡವರು ಕೈ ಪಳಗಿಸಿಕೊಂಡದ್ದು ಎಲ್ಲಿ? ಹೆಸರಾಂತ ಗಿಟಾರಿಸ್ಟ್ ರೋರಿ ಗ್ಯಾಲಹರ್ ಹದಿಹರೆಯದಲ್ಲೇ ಫೊಂಟಾನಾ ಅನ್ನೋ ಶೋಬ್ಯಾಂಡ್ ಸೇರಿದ. ಅವನ ಆ ಹೆಸರಾಂತ 1961ರ ಸ್ಟ್ರಾಟೊಕ್ಯಾಸ್ಟರ್ ಗಿಟಾರ್ ಮೊದಲು ರಾಯಲ್ ಶೋಬ್ಯಾಂಡ್‌ನ ಗಿಟಾರಿಸ್ಟ್ ಹತ್ತಿರ ಇತ್ತು, 1963ರಲ್ಲಿ ಕಾರ್ಕ್‌ನ ಅಂಗಡಿಯಲ್ಲಿ 100 ಪೌಂಡ್‌ಗೆ ಸಾಲ ಹೇಳಿ ತಂದ. ಅದರ ಫೋಟೋ ದೊಡ್ಡದು ಮಾಡಿ ನೋಡಿ. ಬಣ್ಣ ಬಹುಪಾಲು ಉದುರಿ ಕಟ್ಟಿಗೆ ಕಾಣುತ್ತದೆ. ವರ್ಷಗಟ್ಟಲೆ ವೇದಿಕೆ ದೀಪದ ಕೆಳಗೆ ಬೆವರು ಸುರಿಸಿ ಬಾರಿಸಿದ ಗುರುತು ಅದು. 2024ರಲ್ಲಿ ಹರಾಜಾಗಿ, ಈಗ ಐರ್ಲೆಂಡ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಸೇರಿದೆ.

ಶೋಬ್ಯಾಂಡ್ ಕಾಲ ಮುಗಿದದ್ದಕ್ಕೆ ಡಿಸ್ಕೊ, ಟಿವಿ ಎಲ್ಲ ಕಾರಣ ಇವೆ. ಆದರೆ 1975ರ ಜುಲೈ 31ರ ನಸುಕಿನಲ್ಲಿ ನಡೆದದ್ದನ್ನು ಹೇಳದೆ ಬಿಡಲಾರೆ. ಮಯಾಮಿ ಶೋಬ್ಯಾಂಡ್ ಉತ್ತರ ಐರ್ಲೆಂಡ್‌ನ ಬ್ಯಾನ್‌ಬ್ರಿಜ್‌ನಲ್ಲಿ ಕಾರ್ಯಕ್ರಮ ಮುಗಿಸಿ ವ್ಯಾನಿನಲ್ಲಿ ಡಬ್ಲಿನ್‌ಗೆ ಹೊರಟಿತ್ತು. ಸೈನಿಕರ ಬಟ್ಟೆ ಹಾಕಿಕೊಂಡ ಉಗ್ರರು ತಪಾಸಣೆ ನೆಪದಲ್ಲಿ ತಡೆದು, ಎಲ್ಲರನ್ನೂ ಇಳಿಸಿ, ವ್ಯಾನಿನಲ್ಲಿ ಬಾಂಬ್ ಇಡುವಾಗ ಅದು ಅಲ್ಲೇ ಸಿಡಿಯಿತು. ಉಳಿದ ಉಗ್ರರು ಗುಂಡು ಹಾರಿಸಿದರು. ಫ್ರಾನ್ ಓ'ಟೂಲ್, ಟೋನಿ ಗೆರಾಟಿ, ಬ್ರಯಾನ್ ಮೆಕಾಯ್, ಮೂವರು ಹೋದರು. ಅಲ್ಲಿ ಕ್ಯಾಥೊಲಿಕರೂ ಪ್ರಾಟೆಸ್ಟಂಟರೂ ಹೊಡೆದಾಡುತ್ತಿದ್ದ ಆ ಕಾಲದಲ್ಲೂ ಆ ತಂಡದಲ್ಲಿ ಎರಡೂ ಕಡೆಯವರು ಇದ್ದರು. ರಾತ್ರಿ ಎರಡು ಗಂಟೆಗೆ ಕಾರ್ಯಕ್ರಮ ಮುಗಿಸಿ ಸ್ಪೀಕರ್ ತುಂಬಿದ ಗಾಡಿಯಲ್ಲಿ ಊರಿಗೆ ಬರುವಾಗ ನನಗೆ ಎಷ್ಟೋ ಸಲ ಇವರ ನೆನಪಾಗಿದೆ. ಅದಾದ ಮೇಲೆ ಹೊರಗಿನ ತಂಡಗಳು ಬೆಲ್‌ಫಾಸ್ಟ್‌ಗೆ ಹೋಗಲು ಹೆದರಿದವು. ರೋರಿ ಮಾತ್ರ ಹೋಗುತ್ತಲೇ ಇದ್ದ. ಅದಕ್ಕೇ ಅವನನ್ನು ಅಲ್ಲಿಯವರು ಇವತ್ತಿಗೂ ತಲೆ ಮೇಲೆ ಹೊತ್ತು ನಡೆಸುತ್ತಾರೆ.

ಹಾನಗಲ್_ಟೀಚರ್, ಹಾವೇರಿ ಜಿಲ್ಲೆ

ಹಾರ್ಸ್‌ಲಿಪ್ಸ್ ಹೆಸರು ಯಾರೂ ಎತ್ತಲಿಲ್ಲವಲ್ರಿ! ಥಿನ್ ಲಿಝಿ ಇಷ್ಟ ಅನ್ನುವವರು ಇವರನ್ನು ಕೇಳದೆ ಇರಬಾರದು.

ಇವರ ಹುಟ್ಟೇ ವಿಚಿತ್ರ. ಡಬ್ಲಿನ್‌ನ ಜಾಹೀರಾತು ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಿದ್ದ ಮೂವರಿಗೆ, ಬಿಯರ್ ಜಾಹೀರಾತಿಗೆ ಬ್ಯಾಂಡಿನವರ ಹಾಗೆ ನಟಿಸಿ ಅಂದರು. ನಟಿಸಿದರು. ನಟಿಸುತ್ತಾ ನಟಿಸುತ್ತಾ ನಿಜವಾದ ಬ್ಯಾಂಡೇ ಮಾಡೋಣ ಅನ್ನಿಸಿತು. ಮೊದಲ ಆಲ್ಬಂ 1972ರಲ್ಲಿ, ಅದೂ ತಮ್ಮದೇ ಓಟ್ಸ್ ಅನ್ನೋ ಲೇಬಲ್‌ನಲ್ಲಿ. ಲಂಡನ್‌ನವರು ಕೈ ಹಿಡಿಯಲಿ ಅಂತ ಕಾಯಲಿಲ್ಲ. ಊರಲ್ಲೇ ಇದ್ದುಕೊಂಡು, ಶೋಬ್ಯಾಂಡಿನವರು ಬಾರಿಸುತ್ತಿದ್ದ ಅದೇ ಡ್ಯಾನ್ಸ್ ಹಾಲ್‌ಗಳಲ್ಲಿ ರಾಕ್ ಬಾರಿಸಿದರು.

ನನಗೆ ಬಹಳ ಇಷ್ಟವಾದದ್ದು 1973ರ 'ದ ಟಾಯ್ನ್'. ಐರ್ಲೆಂಡ್‌ನ ಅತಿ ಹಳೆಯ ವೀರಕಥೆಯೊಂದನ್ನು ಇಡೀ ಆಲ್ಬಂ ತುಂಬ ಹಾಡಿದ್ದಾರೆ. ಕಥೆ ಏನು ಗೊತ್ತಾ? ದನಗಳ್ಳತನ. ರಾಣಿ ಮೇವ್‌ಗೆ ಗಂಡನಿಗಿಂತ ತನ್ನ ಸಂಪತ್ತು ಕಡಿಮೆ ಆಗಬಾರದು ಅನ್ನೋ ಹಟ. ಅವನ ಹತ್ತಿರ ಒಂದು ಬಿಳಿ ಗೂಳಿ ಜಾಸ್ತಿ ಇದೆ. ಅದಕ್ಕೆ ಸರಿಸಮವಾದ ಕಂದು ಗೂಳಿ ಅಲ್‌ಸ್ಟರ್ ನಾಡಿನ ಕೂಲಿ ಅನ್ನೋ ಕಡೆ ಇದೆ ಅಂತ ದಂಡು ಕಟ್ಟಿಕೊಂಡು ಹೋಗುತ್ತಾಳೆ. ಅಲ್ಲಿನ ಗಂಡಸರೆಲ್ಲ ಶಾಪದಿಂದ ಹಾಸಿಗೆ ಹಿಡಿದಿದ್ದಾರೆ. ಕೂ ಕುಲಿನ್ ಅನ್ನೋ ಹರೆಯದ ಹುಡುಗ ಒಬ್ಬನೇ ಹೊಳೆ ದಾಟುವ ಜಾಗದಲ್ಲಿ ನಿಂತು ಇಡೀ ದಂಡನ್ನು ತಡೆಯುತ್ತಾನೆ.

ಹಾನಗಲ್ ಸೀಮೆಯವರಿಗೆ ಇದು ಪರದೇಶದ ಕಥೆ ಅನ್ನಿಸುತ್ತದಾ ಹೇಳಿ. ನಮ್ಮ ಕಡೆ ಎಷ್ಟು ಊರಲ್ಲಿ ತುರುಗಾಳಗದ ವೀರಗಲ್ಲುಗಳಿವೆ! ಕೆಳಗಿನ ಪಟ್ಟಿಯಲ್ಲಿ ಹಿಂಡು ದನ, ಅದರ ಮುಂದೆ ಬಿಲ್ಲೋ ಕತ್ತಿಯೋ ಹಿಡಿದು ನಿಂತ ಒಬ್ಬನೇ ಗಂಡಸು. ನಡುವಿನ ಪಟ್ಟಿಯಲ್ಲಿ ಅಪ್ಸರೆಯರು ಅವನನ್ನು ಕರೆದೊಯ್ಯುತ್ತಾರೆ. ಮೇಲೆ ಶಿವಲಿಂಗದ ಮುಂದೆ ಕೂತಿದ್ದಾನೆ. ಗುಡಿ ಮುಂದೆ ಎಣ್ಣೆ ಹಚ್ಚಿಸಿಕೊಂಡು ನಿಂತ ಆ ಕಲ್ಲುಗಳನ್ನು ಮಕ್ಕಳಿಗೆ ತೋರಿಸುವಾಗ ನನ್ನ ತಲೆಯಲ್ಲಿ ಈ ಆಲ್ಬಂ ಓಡುತ್ತಿರುತ್ತದೆ. ದನಕ್ಕಾಗಿ ಒಬ್ಬನೇ ನಿಂತು ಕಾದಾಡಿದವನ ಕಥೆಯನ್ನು ಅವರು ಎಲೆಕ್ಟ್ರಿಕ್ ಗಿಟಾರ್‌ಗೆ ತಂದರು. ನಮ್ಮಲ್ಲಿ ಯಾರಾದರೂ ತರಬೇಕು ಅಂತ ನನಗೆ ನಿಜವಾಗಿಯೂ ಆಸೆ.

ಅದರಲ್ಲಿ 'ಜಾರಗ್ ಡೂಮ್' ಹಾಡು ಮೊದಲು ಕೇಳಿ. ಗಿಟಾರ್ ಸಾಲು ಹಳೆಯ 'ಓ'ನೀಲ್ಸ್ ಮಾರ್ಚ್' ಅನ್ನೋ ದಂಡಿನ ನಡಿಗೆಯ ಧಾಟಿ. ಮೊದಲು ಆ ಧಾಟಿಯನ್ನು ಪೈಪ್ ವಾದ್ಯದಲ್ಲಿ ಕೇಳಿ, ಆಮೇಲೆ ಜಾನಿ ಫೀನ್ ಗಿಟಾರ್‌ನಲ್ಲಿ ಕೇಳಿ. ಸ್ವರಗಳ ಏರಿಳಿತ ಅದೇ ಇದೆ, ಆದರೆ ಕೆಳಗೆ ಡ್ರಮ್ ಬಂದು ಕೂತಾಗ ನಡಿಗೆ ಹೋಗಿ ಓಟ ಆಗಿರುತ್ತದೆ. 1990ರಲ್ಲಿ ಐರ್ಲೆಂಡ್ ಮೊದಲ ಸಲ ಫುಟ್‌ಬಾಲ್ ವಿಶ್ವಕಪ್‌ಗೆ ಹೋದಾಗ ತಂಡದ ಹಾಡಿಗೆ ಇದೇ ಗಿಟಾರ್ ಸಾಲನ್ನು ಬಳಸಿದರು. ಅದನ್ನು ಮಾಡಿಸಿದ್ದು ಯು2ನ ಡ್ರಮ್ಮರ್ ಲ್ಯಾರಿ ಮಲನ್. ಅಂದ್ರೆ ಊರಲ್ಲಿ ಇವರನ್ನು ಯಾರೂ ಮರೆತೇ ಇಲ್ಲ. ಮರೆತವರು ಹೊರಗಿನವರು.

ವಿದ್ಯಾನಗರ_ರೆಕಾರ್ಡ್, ಹುಬ್ಬಳ್ಳಿ

ಟೀಚರ್ ಕೊನೆಗೆ ಹೇಳಿದ್ದೇ ಮುಖ್ಯ ಅನ್ನಿಸುತ್ತದೆ. ಯಾಕೆ ನಮ್ಮ ತನಕ ಬರಲಿಲ್ಲ ಅಂತ ಕೇಳಿದ್ರಲ್ಲ, ಒಂದು ಲೆಕ್ಕ ಹೇಳ್ತೇನೆ. 1986ರಲ್ಲಿ ಇಡೀ ಐರ್ಲೆಂಡ್ ಗಣರಾಜ್ಯದಲ್ಲಿ ಸುಮಾರು 35 ಲಕ್ಷ ಜನ. ನಮ್ಮ ಧಾರವಾಡ, ಗದಗ, ಹಾವೇರಿ ಮೂರೇ ಜಿಲ್ಲೆ ಸೇರಿದರೆ 2011ರ ಜನಗಣತಿಯಲ್ಲಿ 45 ಲಕ್ಷ. ಅಷ್ಟು ಸಣ್ಣ ದೇಶ, ಮೇಲಾಗಿ ಆಗ ನಿರುದ್ಯೋಗ ಶೇಕಡಾ 17ರ ಆಸುಪಾಸು. ರೆಕಾರ್ಡ್ ಕೊಳ್ಳಬೇಕಾದ ವಯಸ್ಸಿನ ಹುಡುಗರೇ ಲಂಡನ್, ನ್ಯೂಯಾರ್ಕ್‌ಗೆ ಹೊರಟು ಹೋಗುತ್ತಿದ್ದರು. ಊರಿನ ಕೇಳುಗರನ್ನೇ ನಂಬಿ ಒಂದು ಬ್ಯಾಂಡ್ ಬದುಕೋದು ಸಾಧ್ಯವೇ ಇರಲಿಲ್ಲ. ಲಂಡನ್‌ಗೆ ಹೋಗಬೇಕು, ಅಲ್ಲಿನ ಕಂಪನಿ ಒಪ್ಪಬೇಕು, ಅಲ್ಲಿನ ಪತ್ರಿಕೆ ಹೊಗಳಬೇಕು. ನಾವು ಇಲ್ಲಿ ಕೂತು ಕೇಳುವುದೂ ಲಂಡನ್‌ನ ಜರಡಿಯಲ್ಲಿ ಉಳಿದದ್ದನ್ನೇ.

ದ ಬ್ಲೇಡ್ಸ್ ಕೇಳಿ. ಡಬ್ಲಿನ್‌ನ ರಿಂಗ್ಸೆಂಡ್ ಬಡಾವಣೆಯ ಕೆಲಸಗಾರ ಮನೆತನದ ಹುಡುಗರು, ಹಾಡು ಬರೆದವನು ಪಾಲ್ ಕ್ಲಿಯರಿ. ಕೆಲಸ ಇಲ್ಲದ ಊರು, ದುಡ್ಡಿಲ್ಲದ ಸಂಜೆ, ಅಂಥದ್ದನ್ನೆಲ್ಲ ಕುಣಿಯುವ ಧಾಟಿಯಲ್ಲಿ ಹಾಕಿದ್ದಾನೆ. ಶುರುವಿನಲ್ಲಿ ಯು2 ಮತ್ತು ಇವರು ಒಂದೇ ಊರಿನ ಸಣ್ಣ ಸಣ್ಣ ವೇದಿಕೆಗಳಲ್ಲಿ ಬಾರಿಸುತ್ತಿದ್ದವರು. ಆಮೇಲೆ ದಾರಿ ಬೇರೆ ಆಯಿತು.

ನನ್ನ ಜೀವದ ಬ್ಯಾಂಡ್ ಅಂದ್ರೆ ಕಾರ್ಕ್‌ನ ಮೈಕ್ರೊಡಿಸ್ನಿ. ಕಾಹಲ್ ಕಾಕ್ಲನ್ ಮಾತು, ಶಾನ್ ಓ'ಹೇಗನ್ ಸಂಗೀತ. ಅವರ 1985ರ 'ದ ಕ್ಲಾಕ್ ಕಮ್ಸ್ ಡೌನ್ ದ ಸ್ಟೇರ್ಸ್' ಆಲ್ಬಂ ಹಾಕಿದರೆ ಮೊದಲು ಕಿವಿಗೆ ಬೀಳುವುದು ಬಹಳ ಮೆದುವಾದ ಧಾಟಿ. ಕೀಬೋರ್ಡ್, ಗಿಟಾರ್ ಎಲ್ಲ ನಯವಾಗಿ ಸಾಗುತ್ತವೆ. ಎರಡನೇ ಸಲ ಮಾತಿನ ಕಡೆ ಗಮನ ಕೊಟ್ಟರೆ ಎದೆ ಝಲ್ ಅನ್ನುತ್ತದೆ, ಅಷ್ಟು ಸಿಟ್ಟು ಅದರೊಳಗಿದೆ. ಲಂಡನ್‌ನಲ್ಲಿ ಬಾಡಿಗೆ ಕೋಣೆಯಲ್ಲಿ ಬದುಕುವ ಐರಿಶ್ ವಲಸಿಗನ ಸಿಟ್ಟು ಅದು. ಪುಣೆ, ಬೆಂಗಳೂರಿನ ಪೀಜಿಯಲ್ಲಿ ಇರುವ ನಮ್ಮ ಹುಡುಗರಿಗೆ ಕೇಳಿಸಿದ್ದೇನೆ, ಯಾರಿಗೂ ವಿವರಿಸುವ ಅಗತ್ಯ ಬೀಳಲಿಲ್ಲ. ಮಾರಾಟ ಆಗಲಿಲ್ಲ, 1988ರಲ್ಲಿ ಬ್ಯಾಂಡ್ ಒಡೆಯಿತು. ಮೂವತ್ತು ವರ್ಷದ ಮೇಲೆ, 2018ರಲ್ಲಿ, ಡಬ್ಲಿನ್‌ನ ನ್ಯಾಷನಲ್ ಕಾನ್ಸರ್ಟ್ ಹಾಲ್‌ನಲ್ಲಿ ಅದೇ ಆಲ್ಬಂ ಬಾರಿಸಲು ಮತ್ತೆ ಒಂದಾದರು. ಕಾಕ್ಲನ್ 2022ರಲ್ಲಿ ತೀರಿಕೊಂಡರು. ಕೊನೆಗಾದರೂ ಆ ಚಪ್ಪಾಳೆ ಅವರ ಕಿವಿಗೆ ಬಿತ್ತು ಅನ್ನೋದು ನನಗೆ ದೊಡ್ಡ ಸಮಾಧಾನ.

ರಾಣೆಬೆನ್ನೂರು_ರಾತ್ರಿಪಾಳಿ

ರೆಕಾರ್ಡ್ ಅಣ್ಣಾ, ನಿಮ್ಮ ಲೆಕ್ಕ ಅರ್ಧ ಒಪ್ಪುತ್ತೇನೆ. ಎಲ್ಲ ಲಂಡನ್ ಮೇಲೆ ಹಾಕಿದರೆ ಅಂಡರ್‌ಟೋನ್ಸ್ ಕಥೆ ಹೇಗೆ ಹೇಳ್ತೀರಿ? ಡೆರಿ ಊರಿನ ಐದು ಹುಡುಗರು. 1978ರಲ್ಲಿ ಬೆಲ್‌ಫಾಸ್ಟ್‌ನಲ್ಲಿ 'ಟೀನೇಜ್ ಕಿಕ್ಸ್' ರೆಕಾರ್ಡ್ ಮಾಡಿದರು, ಬಿಡುಗಡೆ ಮಾಡಿದ್ದು ಅದೇ ಊರಿನ ಗುಡ್ ವೈಬ್ರೇಷನ್ಸ್ ಅನ್ನೋ ಸಣ್ಣ ಲೇಬಲ್, ಒಂದು ರೆಕಾರ್ಡ್ ಅಂಗಡಿಯವರದ್ದು. ಬಿಬಿಸಿ ರೇಡಿಯೊದ ಜಾನ್ ಪೀಲ್ ಅದನ್ನು ಒಂದೇ ಕಾರ್ಯಕ್ರಮದಲ್ಲಿ ಬೆನ್ನುಬೆನ್ನಿಗೆ ಎರಡು ಸಲ ಹಾಕಿದರು. ಅಷ್ಟೇ, ಬದುಕು ತಿರುಗಿತು. ಬಾಂಬ್, ಸೈನ್ಯದ ನಡುವೆ ಬೆಳೆದ ಹುಡುಗರು ಹಾಡಿದ್ದು ಪಕ್ಕದ ಬೀದಿ ಹುಡುಗಿಯ ಬಗ್ಗೆ! ಎರಡೂವರೆ ನಿಮಿಷದ ಹಾಡು.

ನಾನು ಹೇಳುವುದು ಏನಂದ್ರೆ, ಜನಸಂಖ್ಯೆಗಿಂತ ರೇಡಿಯೊ ಮುಖ್ಯ. ಐರ್ಲೆಂಡ್‌ನ ಸರ್ಕಾರಿ ರೇಡಿಯೊ ಪಾಪ್ ಹಾಡಿಗಾಗಿ ಪ್ರತ್ಯೇಕ ಚಾನೆಲ್ ಶುರು ಮಾಡಿದ್ದು 1979ರಲ್ಲಿ. ಅಲ್ಲಿಯ ತನಕ ಊರಿನ ಬ್ಯಾಂಡ್‌ಗಳನ್ನು ಕೇಳಿಸಿದ್ದು ಕದ್ದುಮುಚ್ಚಿ ನಡೆಯುತ್ತಿದ್ದ ಕೇಂದ್ರಗಳು. ಅಂಥ ಕಡೆಯಿಂದಲೇ ಬಂದ ಡೇವ್ ಫ್ಯಾನಿಂಗ್ ಹೊಸ ಚಾನೆಲ್‌ನಲ್ಲಿ ರಾತ್ರಿ ಹೊತ್ತು ಹೊಸ ಹುಡುಗರ ಡೆಮೊ ಟೇಪ್ ಹಾಕುತ್ತಿದ್ದರು. ಹತ್ತು ವರ್ಷ ಮುಂಚೆಯೇ ಇದು ಆಗಿದ್ದರೆ ಎಷ್ಟು ಹೆಸರು ಉಳಿಯುತ್ತಿದ್ದವೋ. ನಮ್ಮಲ್ಲೇ ನೋಡಿ. ಧಾರವಾಡ ಆಕಾಶವಾಣಿ 1950ರಿಂದ ಇದೆ. ಮಲ್ಲಿಕಾರ್ಜುನ ಮನಸೂರ ಅವರು ಅಲ್ಲಿ ಸಂಗೀತ ಸಲಹೆಗಾರರಾಗಿದ್ದರು. ಮುಂಬೈಗೆ ಹೋಗಿ ನೆಲೆಸದೆ ಧಾರವಾಡದಲ್ಲೇ ಇದ್ದುಕೊಂಡು ದೇಶಕ್ಕೆಲ್ಲ ಕೇಳಿಸುವುದು ಸಾಧ್ಯವಾಯಿತು. ಊರಿನ ಮೈಕ್ ಊರಲ್ಲಿ ಇದ್ದರೆ ಆಗುವ ಕೆಲಸ ಇದು.

ಮತ್ತೆ ಲಂಡನ್ ಒಪ್ಪಿದರೂ ಬದುಕದ ಬ್ಯಾಂಡ್ ಇವೆ. ವಿಪಿಂಗ್ ಬಾಯ್, 1995ರ 'ಹಾರ್ಟ್‌ವರ್ಮ್'. ಕೊಲಂಬಿಯಾದಂಥ ದೊಡ್ಡ ಕಂಪನಿಯೇ ಬಿಡುಗಡೆ ಮಾಡಿತ್ತು. ಪ್ರೀತಿ ಹಾಳಾದ ಮೇಲೆ ಮನುಷ್ಯ ಎಷ್ಟು ಕೆಟ್ಟವನಾಗಬಲ್ಲ ಅಂತ ಫರ್ಗಲ್ ಮಕೀ ಮುಚ್ಚುಮರೆ ಇಲ್ಲದೆ ಹೇಳುತ್ತಾನೆ, ಕೆಲವು ಕಡೆ ಹಾಡುವುದೇ ಇಲ್ಲ, ಸುಮ್ನೆ ಮಾತಾಡುತ್ತಾನೆ, ಹಿಂದೆ ಗಿಟಾರ್ ನಿಧಾನಕ್ಕೆ ಏರುತ್ತಾ ಹೋಗುತ್ತದೆ. ಅದೇ ವರ್ಷ ಇಂಗ್ಲೆಂಡ್ ಪೂರ್ತಿ ಬ್ರಿಟ್‌ಪಾಪ್ ಅನ್ನೋ ಗಿಟಾರ್ ಪಾಪ್ ಅಲೆಯ ಸಂಭ್ರಮದಲ್ಲಿತ್ತು. ಇಷ್ಟು ಭಾರವಾದ ಹಾಡು ಯಾರಿಗೂ ಬೇಕಿರಲಿಲ್ಲ. ಕಂಪನಿ ಕೈ ಬಿಟ್ಟಿತು. ರಾತ್ರಿ ಪಾಳಿ ಮುಗಿಸಿ ಬರುವಾಗ ನಾನು ಕೇಳುವ ಆಲ್ಬಂ ಇದು, ಇದಕ್ಕೆ ಸಮ ನನಗೆ ಇನ್ನೊಂದು ಸಿಕ್ಕಿಲ್ಲ.

ಗಾಂಧಿಚೌಕ_ಗೌರಿ, ಧಾರವಾಡ

ಎಲ್ಲ ಚೆನ್ನಾಗಿದೆ, ಆದರೆ ಇಷ್ಟು ಉದ್ದ ಚರ್ಚೆಯಲ್ಲಿ ಮರೆತುಹೋದವರು ಅಂತ ಒಬ್ಬ ಹೆಣ್ಣುಮಗಳ ಹೆಸರೂ ಬರಲಿಲ್ಲ. ಗಂಗೂಬಾಯಿ ಹಾನಗಲ್ ಅವರ ಊರಿನವರು ಹೀಗೆ ಮಾಡಬಾರದು.

ಬಾಥಿ ಬ್ಯಾಂಡ್ ಕೇಳಿ, 1975ರಿಂದ 79ರ ತನಕ ಇದ್ದ ತಂಡ. ಜನಪದ ಧಾಟಿಗಳನ್ನು ರಾಕ್ ಬ್ಯಾಂಡಿನ ವೇಗದಲ್ಲಿ ಬಾರಿಸಿದರು. ಅದರಲ್ಲಿ ಟ್ರೀನಾ ನಿ ಗೋನಲ್ ಹಾಡುತ್ತಾರೆ, ಕ್ಲ್ಯಾವಿನೆಟ್ ಅನ್ನೋ ಕೀಬೋರ್ಡ್ ಕೂಡ ಬಾರಿಸುತ್ತಾರೆ. ಕೊಳಲು, ಪಿಟೀಲು, ಪೈಪ್ ಎಲ್ಲ ಓಡುವಾಗ ಕೆಳಗಿನಿಂದ ತಾಳ ತಳ್ಳುವುದರಲ್ಲಿ ಅವರ ಕೈಯೂ ಇದೆ. ಮತ್ತೆ ಕ್ಲ್ಯಾನಡ್ ಅನ್ನೋ ತಂಡದ ಮೋಯಾ ಬ್ರೆನನ್. 1982ರಲ್ಲಿ ಒಂದು ಟಿವಿ ಸರಣಿಗೆ ಐರಿಶ್ ಭಾಷೆಯಲ್ಲಿ ಹಾಡಿದ್ದು ಬ್ರಿಟನ್‌ನ ಮೊದಲ ಐದರೊಳಗೆ ಬಂತು. ಅವರ ತಂಗಿ ಎನ್ಯಾ ಎಲ್ಲರಿಗೂ ಗೊತ್ತು, ಅಕ್ಕ ಯಾರಿಗೂ ಗೊತ್ತಿಲ್ಲ.

ಈಗಿನವರಲ್ಲಿ ಲ್ಯಾಂಕಮ್ ಅನ್ನೋ ತಂಡ. ರೇಡಿ ಪೀಟ್ ದನಿ ಒರಟು, ಮೂಗಿನಿಂದ ಬರುತ್ತದೆ, ಒಂದಿಷ್ಟೂ ಸಿಂಗಾರ ಇಲ್ಲ. ಹಿಂದೆ ಹಾರ್ಮೋನಿಯಂ, ಪೈಪ್ ಹಿಡಿದ ಒಂದೇ ಸ್ವರ ನಿಮಿಷಗಟ್ಟಲೆ ನಿಂತಿರುತ್ತದೆ. ತಂಬೂರಿ ಕೇಳಿ ಬೆಳೆದ ಧಾರವಾಡದ ಕಿವಿಗೆ ಅದು ಹೊಸದಲ್ಲ. 2023ರ 'ಫಾಲ್ಸ್ ಲ್ಯಾಂಕಮ್' ಆಲ್ಬಂ ಹಾಕಿ, ಆದರೆ ದನಿ ಜಾಸ್ತಿ ಇಟ್ಟು ಕೇಳಿ, ಮೊಬೈಲ್ ಸ್ಪೀಕರ್‌ನಲ್ಲಿ ಬೇಡ.

ಸಾಧನಕೇರಿ_ಕೇಳುಗ, ಧಾರವಾಡ

ಗೌರಿ ಅಕ್ಕಾರೆ, ಸರಿಯಾಗಿ ಹೇಳಿದಿರಿ, ಲ್ಯಾಂಕಮ್ ಹೆಸರು ಇವತ್ತೇ ಕೇಳಿದ್ದು. ಎಲ್ಲರಿಗೂ ಥ್ಯಾಂಕ್ಸ್. ರಾತ್ರಿ 'ದ ಟಾಯ್ನ್' ಪೂರ್ತಿ ಕೇಳಿದೆ, ಆಮೇಲೆ 'ಜಾರಗ್ ಡೂಮ್' ಮಾತ್ರ ಮತ್ತೆ ಮತ್ತೆ. ಟೀಚರ್ ಹೇಳಿದ ಹಾಗೆ ಪೈಪ್‌ನಲ್ಲಿ ಮೊದಲು ಕೇಳಿ ಇದಕ್ಕೆ ಬಂದರೆ ಮೈ ಜುಂ ಅನ್ನುತ್ತದೆ.

ಭಾನುವಾರಕ್ಕೆ ಹಾರ್ಸ್‌ಲಿಪ್ಸ್ ಮತ್ತು ಮೈಕ್ರೊಡಿಸ್ನಿ ಗಟ್ಟಿ ಆಯಿತು. ವಿಪಿಂಗ್ ಬಾಯ್ ಒಬ್ಬನೇ ಕೇಳಬೇಕಾದದ್ದು ಅನ್ನಿಸಿತು, ಅದನ್ನು ಗುಂಪಿನಲ್ಲಿ ಹಾಕುವುದಿಲ್ಲ. ಗದಗದ ಅಣ್ಣಾ, ಆ ದಿನ ಕಾರ್ಯಕ್ರಮ ಇಲ್ಲದಿದ್ದರೆ ಕೀಬೋರ್ಡ್ ತಗೊಂಡು ಬರ್ರಿ. ಟೀಚರಮ್ಮಾ, ನಿಮ್ಮೂರ ವೀರಗಲ್ಲಿನ ಫೋಟೋ ಇದ್ದರೆ ಇಲ್ಲಿ ಹಾಕಿ, ಆಲ್ಬಂ ನಡೆಯುವಾಗ ಗೋಡೆ ಮೇಲೆ ಬಿಡುತ್ತೇವೆ, ಗೆಳೆಯನ ಹತ್ತಿರ ಪ್ರೊಜೆಕ್ಟರ್ ಇದೆ.